ಎರಡೂವರೆ ಮೀಟರಿನ ಲೆಕ್ಕ: ಹೆಣ್ಣಿನ ಕಸುವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಕರ್ನಾಟಕದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡಸರು 3.80 ಮೀಟರ್ ಉದ್ದ ಜಿಗಿಯಬೇಕು. ಹೆಂಗಸರಿಗೆ 2.50 ಮೀಟರ್ ಸಾಕು. ಗುಂಡು ಎಸೆತದಲ್ಲಿ ಗಂಡಸರಿಗೆ 7.26 ಕೆಜಿಯ ಗುಂಡು, 5.60 ಮೀಟರ್ ದೂರ. ಹೆಂಗಸರಿಗೆ 4 ಕೆಜಿಯ ಗುಂಡು, 3.75 ಮೀಟರ್. ಇನ್ನು ಓಟ. ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹೆಂಗಸರು ಓಡಬೇಕಾದ್ದು 400 ಮೀಟರ್, ಅದಕ್ಕೆ ಎರಡು ನಿಮಿಷ ಸಮಯ.

ಅದೇ ಹುಡುಗಿ ಅಗ್ನಿವೀರ್ ಆಗಿ ಸೇನೆಯ ಮಿಲಿಟರಿ ಪೊಲೀಸ್ ಸೇರಲು ಹೊರಟಳು ಅಂದುಕೊಳ್ಳಿ. ಅಲ್ಲಿ ಆಕೆ 10 ಅಡಿ, ಅಂದರೆ 3.05 ಮೀಟರ್ ಜಿಗಿಯಬೇಕು. ಎಂಟು ನಿಮಿಷದೊಳಗೆ 1.6 ಕಿಲೋಮೀಟರ್ ಪೂರ್ತಿ ಓಡಬೇಕು. ಕಾಲು ಅದೇ, ಮೈಯೂ ಅದೇ. ಒಂದು ಇಲಾಖೆಯ ಪ್ರಕಾರ ಆಕೆಗೆ ಎರಡೂವರೆ ಮೀಟರ್, ಇನ್ನೊಂದರ ಪ್ರಕಾರ ಮೂರು ಮೀಟರಿಗಿಂತ ಜಾಸ್ತಿ.

ಗಂಡು ಹೆಣ್ಣಿನ ದೇಹದಲ್ಲಿ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಇದೆ, ಚೆನ್ನಾಗಿಯೇ ಇದೆ. ಆದರೆ ಎಷ್ಟಿದೆ, ಯಾವುದರಲ್ಲಿದೆ, ಏಕಿದೆ ಎಂದು ಕೇಳುತ್ತಾ ಹೋದರೆ, ಈ ಕೋಷ್ಟಕ ಬರೆದವರು ಅದನ್ನು ಲೆಕ್ಕ ಹಾಕಿ ಬರೆದರೋ ಸುಮ್ನೆ ಅಂದಾಜಿನಲ್ಲಿ ಬರೆದರೋ ಎಂಬ ಅನುಮಾನ ಬರುತ್ತದೆ.

ಹಳ್ಳಿಯ ಮೈದಾನದಲ್ಲಿ ಎರಡು ಮಾತು ಕೇಳುತ್ತೇವೆ: ಕಸುವು ಮತ್ತು ದಮ್ಮು. ಮೂಟೆ ಎತ್ತುವವನಿಗೆ ಕಸುವು ಬೇಕು, ಬೆಟ್ಟ ಹತ್ತುವವನಿಗೆ ದಮ್ಮು ಬೇಕು. ಕ್ರೀಡಾ ವಿಜ್ಞಾನ ಅನೇರೋಬಿಕ್, ಏರೋಬಿಕ್ ಎನ್ನುವುದು ಹೆಚ್ಚೂಕಡಿಮೆ ಈ ಎರಡನ್ನೇ. ಜಿಗಿತ, ಗುಂಡು ಎಸೆತ, 100 ಮೀಟರ್ ಓಟ, ಭಾರ ಎತ್ತುವುದು ಎಲ್ಲ ಅನೇರೋಬಿಕ್. ಹಾಗೆಂದರೆ ಉಸಿರು ಬಿಗಿಹಿಡಿದು ಮಾಡುವ ಕೆಲಸ ಅಂತಲ್ಲ. ಉಸಿರಿನಲ್ಲಿ ಬಂದ ಆಮ್ಲಜನಕ ಸ್ನಾಯುವಿಗೆ ತಲುಪಲಿ ಎಂದು ಕಾಯುವಷ್ಟು ಪುರುಸೊತ್ತಿಲ್ಲದ ಕೆಲಸ ಅಂತ.

ಮನೆಯ ಖರ್ಚಿನ ಹಾಗೆ ನೋಡಿದರೆ ಇದು ಸುಲಭ. ಜೇಬಿನಲ್ಲಿ ಸ್ವಲ್ಪ ನಗದು ಇರುತ್ತದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಎಂಬ ಶಕ್ತಿ ತುಂಬಿದ ಅಣುಗಳೇ ಆ ನಗದು. ಪೂರ್ತಿ ಜೋರು ಹಾಕಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಹುತೇಕ ಖಾಲಿ. ಆಮೇಲೆ ಕಿರಾಣಿ ಅಂಗಡಿಯ ಉದ್ದರಿ: ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯುವುದು. ಬೇಗ ಸಿಗುತ್ತದೆ, ಆದರೆ ಲ್ಯಾಕ್ಟೇಟ್ ಎಂಬ ಉಳಿಕೆ ತುಂಬಿಕೊಳ್ಳುತ್ತದೆ, ಕಾಲು ಉರಿಯುತ್ತದೆ, ಓಟ ಮುಗಿದ ಮೇಲೂ ಏದುಸಿರು ಬಿಡುತ್ತಾ ಸಾಲ ತೀರಿಸಬೇಕು. ಮೂರನೆಯದು ತಿಂಗಳ ಸಂಬಳ, ಅಂದರೆ ಆಮ್ಲಜನಕದಿಂದ ಬರುವ ಶಕ್ತಿ. ನಿಧಾನ, ಆದರೆ ನಂಬಿಕಸ್ಥ. ಪೂರ್ತಿ ಜೋರಿನಲ್ಲಿ ಓಡುವಾಗ ಮೊದಲ ಎರಡರ ಪಾಲೂ ಮೂರನೆಯದರ ಪಾಲೂ ಸಮಸಮ ಆಗುವುದು ಸುಮಾರು 75 ಸೆಕೆಂಡಿನ ಹೊತ್ತಿಗೆ. (ಅಂದಹಾಗೆ, ಮಾರನೆಯ ದಿನ ಮೈಕೈ ನೋಯುವುದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಜಿಮ್ಮಿನಲ್ಲಿ ಈಗಲೂ ಹೇಳುತ್ತಾರೆ. ಅದು ಒಂದೆರಡು ಗಂಟೆಯಲ್ಲೇ ಕರಗಿ ಹೋಗಿರುತ್ತದೆ.)

ಕಸುವನ್ನು ಅಳೆಯಲು ಹೆಸರುವಾಸಿಯಾದ ಪರೀಕ್ಷೆ ವಿಂಗೇಟ್ ಟೆಸ್ಟ್. 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪುಗೊಂಡಿತು. ಒಂದೇ ಕಡೆ ನಿಂತ ಸೈಕಲ್ ಹತ್ತಿಸುತ್ತಾರೆ. ನಿಮ್ಮ ತೂಕದ ಶೇ. 7.5ರಷ್ಟು ಭಾರವನ್ನು ಚಕ್ರಕ್ಕೆ ಹೇರುತ್ತಾರೆ. 30 ಸೆಕೆಂಡ್ ಪ್ರಾಣ ಹೋಗುವ ಹಾಗೆ ತುಳಿಯಬೇಕು, ಅಷ್ಟೇ. ಕಬಡ್ಡಿಯಲ್ಲಿ ಒಂದು ರೇಡ್‌ಗೆ ಕೊಡುವ ಸಮಯವೂ ಸರಿಯಾಗಿ 30 ಸೆಕೆಂಡೇ. ರೇಡ್ ಮುಗಿಸಿ ಬಂದ ಆಟಗಾರ್ತಿ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದನ್ನು ನೋಡಿದವರಿಗೆ ಈ ಪರೀಕ್ಷೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಈ ಪರೀಕ್ಷೆಯಲ್ಲಿ ಎರಡು ಅಂಕಿ ಮುಖ್ಯ. ಮೊದಲ ಐದು ಸೆಕೆಂಡಿನಲ್ಲಿ ಹೊಮ್ಮುವ ಗರಿಷ್ಠ ಶಕ್ತಿ ಒಂದು. 30 ಸೆಕೆಂಡಿನ ಸರಾಸರಿ ಇನ್ನೊಂದು. ಆಗಾಗ ಉದಾಹರಿಸುವ 1980ರ ದಶಕದ ಅಳತೆಗಳಲ್ಲಿ, ವ್ಯಾಯಾಮದ ರೂಢಿ ಇರುವ ಯುವಕರ ಗರಿಷ್ಠ ಶಕ್ತಿ ಸುಮಾರು 700 ವ್ಯಾಟ್, ಯುವತಿಯರದು ಸುಮಾರು 455 ವ್ಯಾಟ್. ಅಂದರೆ ಯುವತಿಯರದು ಶೇ. 65. ಅಬ್ಬಾ, ಎಷ್ಟು ಅಂತರ ಅನಿಸುತ್ತದೆ ಅಲ್ವಾ? ಈಗ ಇದನ್ನೇ ಮೈತೂಕದಿಂದ ಭಾಗಿಸಿ. ಕಿಲೋಗೆ ಯುವಕರಲ್ಲಿ 9.2 ವ್ಯಾಟ್, ಯುವತಿಯರಲ್ಲಿ 7.6. ಶೇ. 65 ಇದ್ದದ್ದು ಶೇ. 83ಕ್ಕೆ ಏರಿತು. ಮೈಯ ಕೊಬ್ಬನ್ನು ಬದಿಗಿಟ್ಟು ಉಳಿದ ತೂಕದಿಂದ ಭಾಗಿಸಿದರೆ ಅಂತರ ಇನ್ನೂ ಕಿರಿದಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಪೂರ್ತಿ ಮಾಯವಾಗುತ್ತದೆ, ಕೆಲವುಗಳಲ್ಲಿ ಸ್ವಲ್ಪ ಉಳಿಯುತ್ತದೆ.

ಪರೀಕ್ಷೆ ಒಂದೇ, ಬೆವರು ಒಂದೇ, ಉತ್ತರ ಮಾತ್ರ ಮೂರು. ಯಾವುದು ಸರಿ? ಮೂರೂ ಸರಿ, ಕೆಲಸ ಯಾವುದು ಎನ್ನುವುದರ ಮೇಲೆ. ಲಾರಿಗೆ ಸಿಮೆಂಟ್ ಮೂಟೆ ಹೇರಬೇಕಾದರೆ ಒಟ್ಟು ವ್ಯಾಟ್ ಮುಖ್ಯ, ಮೂಟೆ ಯಾರ ಮೈತೂಕವನ್ನೂ ಕೇಳುವುದಿಲ್ಲ. ಕಾಂಪೌಂಡ್ ಗೋಡೆ ಹಾರಬೇಕಾದರೆ ಹೊರಬೇಕಾದದ್ದು ಸ್ವಂತ ಮೈಯನ್ನೇ, ಅಲ್ಲಿ ಕಿಲೋಗೆ ಎಷ್ಟು ಎಂಬುದು ಮುಖ್ಯ. ಮೂರನೆಯ ಉತ್ತರದಿಂದ ಮೈದಾನದಲ್ಲಿ ಯಾರಿಗೂ ಪ್ರಯೋಜನವಿಲ್ಲ, ಏಕೆಂದರೆ ಕೊಬ್ಬನ್ನು ಮನೆಯಲ್ಲಿ ಬಿಟ್ಟು ಯಾರೂ ಓಡಲಾರರು. ಆದರೆ ಕಾರಣ ಹುಡುಕುವವರಿಗೆ ಅದೇ ಮುಖ್ಯ. ಹೆಣ್ಣಿನ ಸ್ನಾಯು ಕಳಪೆ ಸ್ನಾಯುವಲ್ಲ, ಅದರ ಪ್ರಮಾಣ ಕಡಿಮೆ ಎಂದು ಅದು ಹೇಳುತ್ತದೆ.

ಇದಕ್ಕೆ ನಮ್ಮ ಹತ್ತಿರದ್ದೇ ಒಂದು ಉದಾಹರಣೆಯಿದೆ. 2018ರ ಏಪ್ರಿಲ್ 5, ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. ಅದೇ ದಿನ ಮಣಿಪುರದ ಮೀರಾಬಾಯಿ ಚಾನು 48 ಕೆಜಿ ವಿಭಾಗದಲ್ಲಿ 196 ಕೆಜಿ ಎತ್ತಿ ಚಿನ್ನ ಗೆದ್ದರು. ಒಟ್ಟು ಭಾರ ನೋಡಿದರೆ ಮೀರಾಬಾಯಿ ಎತ್ತಿದ್ದು ಗುರುರಾಜರ ಶೇ. 79. ವಿಭಾಗದ ತೂಕದಿಂದ ಭಾಗಿಸಿದರೆ ಗುರುರಾಜ 4.45 ಪಟ್ಟು, ಮೀರಾಬಾಯಿ 4.08 ಪಟ್ಟು. ಈಗ ಶೇ. 92. ಒಂದು ಮಾತು ಸೇರಿಸಲೇಬೇಕು: ಮೈ ಚಿಕ್ಕದಾದಷ್ಟೂ ಕಿಲೋಗೆ ಎತ್ತುವ ಭಾರ ಜಾಸ್ತಿ ಬರುತ್ತದೆ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುವುದು ಅದಕ್ಕೇ. ಹಾಗಾಗಿ ಈ ಭಾಗಾಕಾರ 48 ಕೆಜಿಯವರ ಕಡೆಗೆ ಸ್ವಲ್ಪ ವಾಲುತ್ತದೆ. ಆದರೂ 21ರ ಅಂತರ 8ಕ್ಕೆ ಇಳಿಯುವುದು ಸಣ್ಣ ಮಾತಲ್ಲ.

ಸ್ನಾಯುವಿನ ಪ್ರಮಾಣದ ಲೆಕ್ಕವನ್ನೂ ನೋಡೋಣ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 468 ಜನರ ಮೈಯನ್ನು ಎಂಆರ್‌ಐ ಯಂತ್ರದಲ್ಲಿ ಅಳೆದರು. ಗಂಡಸರಲ್ಲಿ ಸರಾಸರಿ 33 ಕೆಜಿ ಸ್ನಾಯು, ಹೆಂಗಸರಲ್ಲಿ 21 ಕೆಜಿ. ಈ ಕೊರತೆ ಮೈತುಂಬ ಸಮನಾಗಿ ಹರಡಿಲ್ಲ. ಸೊಂಟದ ಕೆಳಗೆ ಶೇ. 33ರಷ್ಟು, ಮೇಲೆ ಶೇ. 40ರಷ್ಟು. ಬಲದ ಅಳತೆಯೂ ಇದನ್ನೇ ಹೇಳುತ್ತದೆ: 1990ರ ದಶಕದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಹೆಂಗಸರ ಕಾಲಿನ ಬಲ ಗಂಡಸರ ಶೇ. 66ರಷ್ಟಿತ್ತು, ತೋಳಿನದು ಶೇ. 52. ಗುದ್ದುವ ಶಕ್ತಿಯಲ್ಲಂತೂ ಅಂತರ ಇನ್ನೂ ದೊಡ್ಡದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2020ರಲ್ಲಿ ಅಳೆದಾಗ ಗಂಡಸರ ಸರಾಸರಿ ಶೇ. 162ರಷ್ಟು ಹೆಚ್ಚಿತ್ತು, ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಹಾಗಾಗಿ ಓಟದಲ್ಲಿ ಶೇ. 10ರಷ್ಟೇ ಇರುವ ಅಂತರ ಎಸೆತಕ್ಕೂ ಗುದ್ದಿಗೂ ಬಂದಾಗ ಹಿಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಪ್ರಮಾಣ ಒಂದೇ ಕಾರಣವೂ ಅಲ್ಲ. ಸ್ನಾಯುವಿನ ಎಳೆಗಳಲ್ಲಿ ಬೇಗ ದಣಿಯುವ ವೇಗದವು, ನಿಧಾನವಾಗಿ ದುಡಿಯುವ ತಾಳಿಕೆಯವು ಎಂದು ಎರಡು ಬಗೆ. ಗಂಡಸರ ತೊಡೆಯಲ್ಲಿ ವೇಗದ ಎಳೆಗಳು ದಪ್ಪ, ಅವೇ ಹೆಚ್ಚು ಜಾಗ ಹಿಡಿದಿರುತ್ತವೆ. ಹೆಂಗಸರಲ್ಲಿ ತಾಳಿಕೆಯ ಎಳೆಗಳ ಪಾಲು ಹೆಚ್ಚು. ಸಕ್ಕರೆ ಒಡೆಯುವ ಕಿಣ್ವಗಳ ಚಟುವಟಿಕೆಯೂ ಗಂಡಸರಲ್ಲಿ ಜೋರು. ಕಿರಾಣಿ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಗಂಡಸರಿಗೆ ಉದ್ದರಿ ಹೆಚ್ಚು ಸಿಗುತ್ತದೆ, ಬೇಗ ಸಿಗುತ್ತದೆ.

ಇದೆಲ್ಲ ಹುಟ್ಟಿನಿಂದ ಬಂದದ್ದೇ? ಹತ್ತು ವರ್ಷದ ಮಕ್ಕಳನ್ನು ಓಡಿಸಿ ನೋಡಿ. ಹುಡುಗ ಹುಡುಗಿಯರ ನಡುವಿನ ಅಂತರ ತೀರಾ ಚಿಕ್ಕದು, ಪ್ರಾಥಮಿಕ ಶಾಲೆಯ ಮುಟ್ಟಾಟದಲ್ಲಿ ಗೆಲ್ಲುವವಳು ಹುಡುಗಿಯೇ ಆಗಿದ್ದ ನೆನಪು ನಿಮಗೂ ಇರಬಹುದು. ಹನ್ನೆರಡು ಹದಿಮೂರರ ನಂತರ ದಾರಿ ಬೇರೆಯಾಗುತ್ತದೆ. ದೊಡ್ಡ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಲೀಟರಿಗೆ ಸುಮಾರು 8ರಿಂದ 29 ನ್ಯಾನೊಮೋಲ್, ಹೆಂಗಸರಲ್ಲಿ ಸಾಮಾನ್ಯವಾಗಿ 2ಕ್ಕಿಂತ ಕಡಿಮೆ. ಸ್ನಾಯು, ಮೂಳೆ, ಎತ್ತರ ಎಲ್ಲವೂ ಅದರ ಹಿಂದೆ ಹೋಗುತ್ತವೆ. ಆದರೆ ನಮ್ಮಲ್ಲಿ ಅದೇ ವಯಸ್ಸಿಗೆ ಇನ್ನೊಂದೂ ನಡೆಯುತ್ತದೆ. ಹುಡುಗ ಸಂಜೆ ಮೈದಾನಕ್ಕೆ ಹೋಗುವುದು ಜಾಸ್ತಿಯಾಗುತ್ತದೆ, ಹುಡುಗಿ ಹೋಗುವುದು ನಿಲ್ಲುತ್ತದೆ. ಹದಿನೆಂಟರಲ್ಲಿ ಇಬ್ಬರನ್ನೂ ಅಳೆದಾಗ ಸಿಗುವ ಅಂತರದಲ್ಲಿ ಹಾರ್ಮೋನಿನ ಪಾಲೆಷ್ಟು, ಮನೆಯವರ ಪಾಲೆಷ್ಟು ಅಂತ ಯಂತ್ರ ಬಿಡಿಸಿ ಹೇಳುವುದಿಲ್ಲ.

ಇಬ್ಬರೂ ಸಮನಾಗಿ ತಯಾರಾದಾಗ ಅಂತರ ಎಷ್ಟು ಎಂದು ನೋಡಲು ದಾಖಲೆಗಳ ಪಟ್ಟಿ ನೆರವಿಗೆ ಬರುತ್ತದೆ. 100 ಮೀಟರ್: ಉಸೇನ್ ಬೋಲ್ಟ್ 9.58 ಸೆಕೆಂಡ್ (2009), ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 (1988). ಅಂತರ ಸುಮಾರು ಶೇ. 9.5. 400 ಮೀಟರ್: ವೇಡ್ ವಾನ್ ನೀಕರ್ಕ್ 43.03 (2016), ಮರೀಟಾ ಕಾಕ್ 47.60 (1985). ಶೇ. 10.6. ಉದ್ದ ಜಿಗಿತ: ಮೈಕ್ ಪೊವೆಲ್ 8.95 ಮೀಟರ್ (1991), ಗಲೀನಾ ಚಿಸ್ಟ್ಯಕೋವಾ 7.52 (1988). ಶೇ. 16. ಹೆಂಗಸರ ಈ ಮೂರೂ ದಾಖಲೆಗಳು 1980ರ ದಶಕದವು ಎಂಬುದನ್ನು ಗಮನಿಸಿ. ಪೂರ್ವ ಜರ್ಮನಿಯಲ್ಲಿ ಸರಕಾರವೇ ಮುಂದೆ ನಿಂತು ಆಟಗಾರ್ತಿಯರಿಗೆ ಗಂಡು ಹಾರ್ಮೋನಿನ ಮಾತ್ರೆ ಕೊಡಿಸುತ್ತಿದ್ದ ಕಾಲ ಅದು. ಆ ದಶಕದ ಅಂಕಿಗಳ ಮೇಲೆ ಅನುಮಾನದ ನೆರಳು ಇದ್ದೇ ಇದೆ. ಹಾಗಾಗಿ ನಿಜವಾದ ಅಂತರ ಇದಕ್ಕಿಂತ ತುಸು ದೊಡ್ಡದಿರಬಹುದು.

ಗುಂಡು ಎಸೆತದಲ್ಲಿ ಗಂಡಸರ ದಾಖಲೆ 23.56 ಮೀಟರ್, ಹೆಂಗಸರದು 22.63. ಆಹಾ, ಬರೀ ಶೇ. 4 ಎಂದು ಖುಷಿಪಡುವ ಮೊದಲು ಗುಂಡಿನ ತೂಕ ನೆನಪಿಸಿಕೊಳ್ಳಿ: 7.26 ಮತ್ತು 4 ಕೆಜಿ.

ಇಷ್ಟು ಹೊತ್ತು ಒಂದೇ ಏಟಿನ ಕಸುವಿನ ಮಾತಾಯಿತು. ನನಗೆ ಹೆಚ್ಚು ಕುತೂಹಲ ಇರುವುದು ಎರಡನೇ ಏಟಿನಲ್ಲಿ, ಮೂರನೆಯದರಲ್ಲಿ. ವಿಂಗೇಟ್ ಪರೀಕ್ಷೆಯ ಗೆರೆಯನ್ನು ನೋಡಿದರೆ ಗಂಡಸರದು ಎತ್ತರದಿಂದ ಶುರುವಾಗಿ ಕಡಿದಾಗಿ ಬೀಳುತ್ತದೆ. ಹೆಂಗಸರದು ತಗ್ಗಿನಿಂದ ಶುರುವಾಗಿ ನಿಧಾನ ಇಳಿಯುತ್ತದೆ. 30 ಸೆಕೆಂಡ್ ಜೋರಾಗಿ ಸೈಕಲ್ ತುಳಿಯುವ ಮೊದಲು, ಆಮೇಲೆ ತೊಡೆಯಿಂದ ಚೂರು ಸ್ನಾಯು ತೆಗೆದು ನೋಡಿದ ಸ್ವೀಡನ್ ದೇಶದ ಸಂಶೋಧಕರಿಗೆ ಹೆಂಗಸರ ಸ್ನಾಯುವಿನಲ್ಲಿ ಎಟಿಪಿ ಕಡಿಮೆ ಖರ್ಚಾಗಿದ್ದು, ಮತ್ತೆ ಬೇಗ ತುಂಬಿಕೊಂಡಿದ್ದು ಕಂಡಿತು. ಮೇಲಿಂದ ಮೇಲೆ ಓಡಿಸುವ ಪರೀಕ್ಷೆಗಳಲ್ಲೂ ಸಾಮಾನ್ಯವಾಗಿ ಹೆಂಗಸರ ವೇಗ ಇಳಿಯುವ ಪ್ರಮಾಣ ಕಡಿಮೆ. ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲುವ ಕೆಲಸಗಳಲ್ಲಿ, ತಮ್ಮ ತಮ್ಮ ಬಲದ ಅಷ್ಟೇ ಪಾಲನ್ನು ಹಾಕಿದರೆ, ಹೆಂಗಸರು ಹೆಚ್ಚು ಹೊತ್ತು ತಾಳುತ್ತಾರೆ.

ಇದನ್ನು ಹಿಡಿದು ಹೆಂಗಸರೇ ಗಟ್ಟಿ ಎಂದು ವಾಟ್ಸಾಪ್‌ನಲ್ಲಿ ಹಂಚುವ ಮೊದಲು ಸ್ವಲ್ಪ ನಿಲ್ಲಿ. ಹೆಚ್ಚು ಎತ್ತರಕ್ಕೆ ಏರಿದವರು ಹೆಚ್ಚು ಬೀಳುತ್ತಾರೆ, ಕಡಿಮೆ ಖರ್ಚು ಮಾಡಿದವರಿಗೆ ಕಡಿಮೆ ಸಾಲ. ಮೊದಲ ಏಟಿನ ಶಕ್ತಿ ಒಂದೇ ಇರುವ ಗಂಡು ಹೆಣ್ಣನ್ನು ಜೋಡಿಸಿ ನೋಡಿದರೆ ಅಂತರ ಬಹಳಷ್ಟು ಕರಗುತ್ತದೆ. ತಾಳಿಕೆಯ ಎಳೆಗಳಿಂದ ಸಿಗುವ ಲಾಭ ನಿಜ, ಆದರೆ ಹೇಳುವಷ್ಟು ದೊಡ್ಡದಲ್ಲ. ಆದರೂ ತರಬೇತಿಗೆ ಇದರಿಂದ ಉಪಯೋಗವಿದೆ. ಕಾರ್ಕಳದ ಮಮತಾ ಪೂಜಾರಿಯವರಂಥ ಕಬಡ್ಡಿ ಆಟಗಾರ್ತಿಯರ ಆಟದಲ್ಲಿ ಒಂದು ರೇಡ್‌ನಿಂದ ಏನೂ ತೀರ್ಮಾನವಾಗುವುದಿಲ್ಲ. ರೇಡ್, ಹಿಡಿತ, ಮತ್ತೆ ರೇಡ್. ಹೆಂಗಸರ ಅಂಕಣವನ್ನು 13 ಮೀಟರಿನಿಂದ 12ಕ್ಕೆ, ಅಗಲವನ್ನು 10ರಿಂದ 8ಕ್ಕೆ ಇಳಿಸಿದ್ದಾರೆ. ರೇಡ್‌ನ 30 ಸೆಕೆಂಡನ್ನು ಮಾತ್ರ ಇಳಿಸಿಲ್ಲ. ಬೇಕಾಗಿಯೋ ಬೇಡದೆಯೋ, ದೇಹಕ್ಕೆ ಸರಿಯಾಗಿ ಹೊಂದುವ ನಿಯಮ ಅದು.

ನಿಯಮ ಎಂದಾಗ ಅಥ್ಲೆಟಿಕ್ಸಿನ ದೊಡ್ಡ ಜಗಳ ಬಿಟ್ಟು ಮುಂದೆ ಹೋಗುವಂತಿಲ್ಲ. ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಅವರನ್ನು 2014ರಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿದೆ ಎಂದು ತಂಡದಿಂದ ಕೈಬಿಟ್ಟರು. ಅವರು ಕ್ರೀಡಾ ನ್ಯಾಯಮಂಡಳಿಗೆ ಹೋದರು. ಆಟಗಾರ್ತಿಯರ ಟೆಸ್ಟೋಸ್ಟಿರಾನ್ ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕೆಳಗಿರಬೇಕು ಎಂಬ ಆ ನಿಯಮಕ್ಕೆ 2015ರಲ್ಲಿ ತಡೆ ಬಿತ್ತು. 2018ರಲ್ಲಿ ಅಥ್ಲೆಟಿಕ್ಸಿನ ವಿಶ್ವ ಸಂಸ್ಥೆ ಹೊಸ ನಿಯಮ ತಂದಿತು. ಮಿತಿ 10ರಿಂದ 5 ನ್ಯಾನೊಮೋಲ್‌ಗೆ ಇಳಿಯಿತು, ಆದರೆ 400 ಮೀಟರಿನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಮಾತ್ರ. ಇಲ್ಲೊಂದು ವಿಚಿತ್ರ ನೋಡಿ. ಹಾರ್ಮೋನ್ ಸ್ನಾಯು ಬೆಳೆಸುತ್ತದೆ, ಸ್ನಾಯು ಕಸುವು ಕೊಡುತ್ತದೆ ಎಂಬುದೇ ವಾದವಾದರೆ ಮೊದಲು ಸಿಕ್ಕಿಬೀಳಬೇಕಾದ್ದು 100 ಮೀಟರ್. ಅದನ್ನೇ ಬಿಟ್ಟರು! ದಮ್ಮು ಬೇಕಾದ 1500 ಮೀಟರನ್ನು ಸೇರಿಸಿದರು. ಆಧಾರವಾಗಿ ತೋರಿಸಿದ ಅಧ್ಯಯನದ ಲೇಖಕರೇ 2021ರಲ್ಲಿ ತಿದ್ದುಪಡಿ ಪ್ರಕಟಿಸಿ, ಹಾರ್ಮೋನೇ ಕಾರಣ ಎಂಬ ಅರ್ಥ ಬರುವಂತೆ ಬರೆದದ್ದು ದಾರಿ ತಪ್ಪಿಸಿರಬಹುದು ಎಂದು ಒಪ್ಪಿಕೊಂಡರು. 2023ರಲ್ಲಿ ಮಿತಿ 2.5ಕ್ಕೆ ಇಳಿದು ಎಲ್ಲ ಸ್ಪರ್ಧೆಗಳಿಗೂ ಹಬ್ಬಿತು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಮಟ್ಟದ ಮಹಿಳಾ ವಿಭಾಗಕ್ಕೆ ಬರುವವರು ಜೀವನದಲ್ಲಿ ಒಮ್ಮೆ ಎಸ್‌ಆರ್‌ವೈ ಎಂಬ, ಸಾಮಾನ್ಯವಾಗಿ ಗಂಡಿನ ವೈ ಕ್ರೋಮೋಸೋಮಿನಲ್ಲಿರುವ ಜೀನ್‌ನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮಹಿಳಾ ವಿಭಾಗ ಅಂತ ಒಂದಿರಬೇಕು ಎಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಶೇ. 10ರ ಅಂತರ ಎಂದರೆ ಫೈನಲ್‌ನಲ್ಲಿ ಒಬ್ಬ ಹೆಣ್ಣೂ ಇರುವುದಿಲ್ಲ ಅಂತ ಅರ್ಥ. ಆದರೆ ಸರಾಸರಿಯಿಂದ ಹುಟ್ಟಿದ ಅಂಕಿಯನ್ನು ಒಬ್ಬಳ ಮೈಮೇಲೆ ಗೆರೆಯಾಗಿ ಎಳೆಯುವಾಗ ಗೆರೆ ಎಲ್ಲಿ, ಏಕೆ ಎಂದು ಹೇಳಬೇಕಾದ ಹೊಣೆ ಎಳೆಯುವವರದು. ಮೂರು ಸಲ ಗೆರೆ ಬದಲಾಯಿಸಿದವರು ಪ್ರತಿ ಸಲವೂ ವಿಜ್ಞಾನ ಹೀಗೇ ಹೇಳುತ್ತದೆ ಎಂದರೆ ಕೇಳಲು ಕಷ್ಟವಾಗುತ್ತದೆ.

ಮತ್ತೆ ನಮ್ಮ ಪೊಲೀಸ್ ಮೈದಾನಕ್ಕೆ ಬರೋಣ. ಉದ್ದ ಜಿಗಿತದಲ್ಲಿ ಭಾರತದ ದಾಖಲೆ ಜೆಸ್ವಿನ್ ಆಲ್ಡ್ರಿನ್ ಅವರ 8.42 ಮೀಟರ್. 2023ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಜಿಗಿದದ್ದು. ಹೆಂಗಸರ ದಾಖಲೆ ಅಂಜು ಬಾಬಿ ಜಾರ್ಜ್ ಅವರ 6.83, 2004ರ ಅಥೆನ್ಸ್ ಒಲಿಂಪಿಕ್ಸ್‌ನದು. ಅಂದರೆ ಶೇ. 81. ಇದೇ ಅನುಪಾತವನ್ನು ಪೊಲೀಸ್ ಇಲಾಖೆಯ 3.80ಕ್ಕೆ ಹಾಕಿದರೆ 3.08 ಮೀಟರ್ ಬರುತ್ತದೆ. ಸೇನೆ ಕೇಳುವ 3.05ಕ್ಕೆ ಎಷ್ಟು ಹತ್ತಿರ ನೋಡಿ! ಇಲಾಖೆ ಕೇಳುವುದು ಮಾತ್ರ 2.50, ಗಂಡಸರ ಶೇ. 66. ಸಾಮಾನ್ಯ ಜನರಲ್ಲಿ ಅಂತರ ಆಟಗಾರರಿಗಿಂತ ದೊಡ್ಡದಿರುತ್ತದೆ, ಸ್ವಲ್ಪ ರಿಯಾಯಿತಿ ಕೊಡೋಣ. ಆದರೂ ಇಷ್ಟೊಂದು ಬೇಕೆ?

ಓಟದ್ದು ಇನ್ನೂ ವಿಚಿತ್ರ. ಎರಡು ನಿಮಿಷದಲ್ಲಿ 400 ಮೀಟರ್ ಎಂದರೆ ಸೆಕೆಂಡಿಗೆ 3.3 ಮೀಟರ್. ಗಂಡಸರು ಅದರ ನಾಲ್ಕು ಪಟ್ಟು ದೂರವನ್ನು ಸೆಕೆಂಡಿಗೆ 4.1 ಮೀಟರಿನ ವೇಗದಲ್ಲಿ ಓಡಬೇಕು. 400 ಮೀಟರನ್ನು ಜೋರಾಗಿ ಓಡಿಸಿದರೆ ಅದು ಕಸುವಿನ ಪರೀಕ್ಷೆ. ಎರಡು ನಿಮಿಷ ಕೊಟ್ಟು ಓಡಿಸಿದರೆ ಕಸುವೂ ತಿಳಿಯುವುದಿಲ್ಲ, ದಮ್ಮೂ ತಿಳಿಯುವುದಿಲ್ಲ. ಈ ಮೂರು ಪರೀಕ್ಷೆಗಳಲ್ಲಿ ಹೆಣ್ಣಿನ ದೇಹ ಗಂಡಿನ ದೇಹಕ್ಕೆ ಅತಿ ಹತ್ತಿರ ಬರುವುದು ಓಟದಲ್ಲೇ. ಅಲ್ಲೇ ಇಲಾಖೆ ಎಲ್ಲಕ್ಕಿಂತ ದೊಡ್ಡ ರಿಯಾಯಿತಿ ಕೊಟ್ಟಿದೆ. ಅತಿ ದೂರ ಇರುವುದು ತೋಳಿನಲ್ಲಿ, ಅಲ್ಲಿ ಗುಂಡಿನ ತೂಕ ಇಳಿಸಿ ದೂರವನ್ನೂ ಇಳಿಸಿದೆ. ಅದನ್ನು ಒಪ್ಪಬಹುದು. ಕೆಲಸಕ್ಕೆ ಸೇರಿದ ಮೇಲೆ ಸರಗಳ್ಳನ ಹಿಂದೆ ಓಡುವಾಗ ಅವನು 400 ಮೀಟರಿಗೆ ನಿಲ್ಲುತ್ತಾನೆಯೇ?

ಇದರಲ್ಲಿ ನಷ್ಟ ಯಾರಿಗೆ ಎಂದರೆ ತಯಾರಿ ಮಾಡುವ ಹುಡುಗಿಯರಿಗೇ. ಗುರಿ ಎರಡೂವರೆ ಮೀಟರ್ ಇದ್ದರೆ ತರಬೇತಿಯೂ ಎರಡೂವರೆ ಮೀಟರಿನದೇ. ಜಿಮ್ಮಿಗೆ ಹೋದರೂ ಗುಲಾಬಿ ಬಣ್ಣದ ಎರಡು ಕೆಜಿ ಡಂಬೆಲ್ ಕೈಗೆ ಕೊಟ್ಟು ಇಪ್ಪತ್ತು ಸಲ ಎತ್ತಿ ಎನ್ನುತ್ತಾರೆ, ಭಾರ ಎತ್ತಿದರೆ ಗಂಡಸಿನ ಮೈ ಬಂದುಬಿಡುತ್ತದೆ ಎಂಬ ಭಯವನ್ನೂ ಜೊತೆಗೆ ಕೊಡುತ್ತಾರೆ. ಒಂದೇ ಬಗೆಯ ತರಬೇತಿ ಕೊಟ್ಟರೆ ಹೆಂಗಸರ ಬಲವೂ ಗಂಡಸರಷ್ಟೇ ಶೇಕಡಾವಾರು ಏರುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕ ಫಲಿತಾಂಶ. ಸೊಂಟದ ಮೇಲಿನ ಭಾಗದಲ್ಲಿ, ಶುರುವಿನ ಬಲ ಕಡಿಮೆ ಇರುವುದರಿಂದ, ಹೆಂಗಸರ ಏರಿಕೆ ತುಸು ಹೆಚ್ಚೇ. ಮುಟ್ಟಿನ ದಿನಗಳಲ್ಲಿ ಕಸುವು ಕುಸಿಯುತ್ತದೆ ಎಂಬ ಮಾತಿಗೂ ದೊಡ್ಡ ಆಧಾರವಿಲ್ಲ. ಸರಾಸರಿಯಲ್ಲಿ ವ್ಯತ್ಯಾಸ ತೀರಾ ಸಣ್ಣದು, ಒಬ್ಬೊಬ್ಬರಿಗೆ ಒಂದೊಂದು ಥರ. ಹೊಟ್ಟೆನೋವಿದ್ದವಳು ಆ ದಿನ ಬಿಡಲಿ, ಇಲ್ಲದವಳು ಓಡಲಿ.

ಹಾಗಾಗಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಯರು ಮೊದಲು ತೋಳು ಭುಜಗಳ ಕಡೆ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿ ಕೊರತೆ ಹೆಚ್ಚು, ತಿಂಗಳುಗಟ್ಟಲೆ ಸಮಯ ಬೇಕು. ಮಂಡಿಯೂರಿ ದಂಡ ಹೊಡೆಯುವುದರಿಂದ ಶುರುಮಾಡಿ, ಪೂರ್ತಿ ದಂಡಕ್ಕೆ ಬಂದು, ಆಮೇಲೆ ಗುಂಡು ಹಿಡಿಯಿರಿ. ಓಟಕ್ಕೆ 30 ಸೆಕೆಂಡ್ ಜೋರಾಗಿ, ಒಂದೂವರೆ ಎರಡು ನಿಮಿಷ ನಡಿಗೆ, ಮತ್ತೆ ಜೋರು. ಹೀಗೆ ಆರೇಳು ಸುತ್ತು, ವಾರಕ್ಕೆರಡು ದಿನ. ಮರಳಿನ ಗುಂಡಿಯ ಪಕ್ಕ ಗುರುತು ಹಾಕುವಾಗ 2.50ಕ್ಕೆ ಒಂದು ಗೆರೆ ಇರಲಿ. ಇನ್ನೊಂದನ್ನು ಮೂರು ಮೀಟರಿನ ಆಚೆ ಎಳೆಯಿರಿ.